ಮಗುವಿನ ಅಗತ್ಯ ಒಂದು ಕಡತದಲ್ಲಿ, ಮಂಜೂರಾತಿ ಇನ್ನೊಂದರಲ್ಲಿ: ಪೋಷಕತ್ವದ ಮಕ್ಕಳ ಆರೈಕೆ ಮಟ್ಟದ ಬಗ್ಗೆ ಬಹಿರಂಗ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಯವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮಕ್ಕಳ ರಕ್ಷಣಾ ನಿರ್ದೇಶನಾಲಯದ ನಿರ್ದೇಶಕರಿಗೆ ಹಾಗೂ ಎಲ್ಲ ಜಿಲ್ಲೆಗಳ ಮಕ್ಕಳ ಕಲ್ಯಾಣ ಸಮಿತಿಗಳ ಅಧ್ಯಕ್ಷರಿಗೆ.

ವಿಷಯ: ಪೋಷಕತ್ವ ಯೋಜನೆಯಡಿ ಕುಟುಂಬಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅವರವರ ಅಗತ್ಯಕ್ಕೆ ತಕ್ಕಂತೆ ಆರೈಕೆ ಮಟ್ಟ ನಿಗದಿಪಡಿಸಿ ನೆರವು ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಹೆತ್ತವರ ಜೊತೆ ಇರಲಾಗದ ಮಗುವನ್ನು ಬಾಲಮಂದಿರದಲ್ಲಿಡುವ ಬದಲು ಒಂದು ಮನೆಯಲ್ಲಿ, ಮನೆಮಂದಿಯ ನಡುವೆ ಬೆಳೆಸಬೇಕು ಎಂಬುದು ಪೋಷಕತ್ವ ಯೋಜನೆಯ ಆಶಯ. ಫಾಸ್ಟರ್ ಕೇರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ 44ನೇ ಕಲಂ ಇದಕ್ಕೆ ಆಧಾರ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂದು ಅದೇ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಈ ಪತ್ರ ಬರೆಯುತ್ತಿರುವ ನಾವು ಪೋಷಕ ಕುಟುಂಬಗಳ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು ಮತ್ತು ಮಕ್ಕಳನ್ನು ಸಾಕುತ್ತಿರುವ ಪೋಷಕರು. ಆಶಯದ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ಒಂದು ವಿಚಾರಕ್ಕೆ: ಯಾವ ಮಗುವಿಗೆ ಎಷ್ಟು ಆರೈಕೆ ಬೇಕು ಎಂದು ಅಳೆದು, ಅದಕ್ಕೆ ತಕ್ಕ ನೆರವು ಮಂಜೂರು ಮಾಡುವ ವ್ಯವಸ್ಥೆ ನಮ್ಮಲ್ಲಿಲ್ಲ.

ಈಗಿನ ಕ್ರಮ ತಮಗೆ ತಿಳಿದದ್ದೇ. ಓದುವ ಸಾರ್ವಜನಿಕರಿಗಾಗಿ ಹೇಳುತ್ತೇವೆ. ಮಗುವಿನ ಅಧ್ಯಯನ ವರದಿ ನಮೂನೆ 31ರಲ್ಲಿ, ಸಾಕಲು ಮುಂದೆ ಬಂದ ಕುಟುಂಬದ ಗೃಹ ಅಧ್ಯಯನ ವರದಿ ನಮೂನೆ 30ರಲ್ಲಿ ಸಿದ್ಧವಾಗುತ್ತದೆ. ಎರಡನ್ನೂ ನೋಡಿ ಮಕ್ಕಳ ಕಲ್ಯಾಣ ಸಮಿತಿ ನಮೂನೆ 32ರಲ್ಲಿ ಆದೇಶ ಕೊಡುತ್ತದೆ. ಕುಟುಂಬ ನಮೂನೆ 33ರಲ್ಲಿ ಮುಚ್ಚಳಿಕೆ ಬರೆದುಕೊಡುತ್ತದೆ. ಹಣದ ಪ್ರಸ್ತಾವ ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿಯ ಮುಂದೆ ಹೋಗುತ್ತದೆ. ಅಲ್ಲಿ ಒಪ್ಪಿಗೆಯಾದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಲೆಕ್ಕದಲ್ಲಿ ತಿಂಗಳಿಗೆ 4,000 ರೂಪಾಯಿ. ಆಮೇಲೆ ಪ್ರತಿ ತಿಂಗಳೂ ನಮೂನೆ 35ರಲ್ಲಿ ಪರಿಶೀಲನೆ.

ಇವೆಲ್ಲದರ ಜೊತೆಗೆ ನಮೂನೆ 7 ಇದೆ, ಮಗುವಿನ ವೈಯಕ್ತಿಕ ಪಾಲನಾ ಯೋಜನೆ. ಆರೋಗ್ಯ ಮತ್ತು ಪೌಷ್ಟಿಕತೆ, ಭಾವನಾತ್ಮಕ ಹಾಗೂ ಮಾನಸಿಕ ಬೆಂಬಲ, ಓದು ಮತ್ತು ತರಬೇತಿ, ಆಟ, ಇತರರ ಜೊತೆಗಿನ ಬಾಂಧವ್ಯ, ತನ್ನ ಕೆಲಸ ತಾನೇ ಮಾಡಿಕೊಳ್ಳುವ ಸಾಮರ್ಥ್ಯ, ಹಿಂದೆ ಅನುಭವಿಸಿದ ಕಷ್ಟಗಳು ಎಲ್ಲವನ್ನೂ ಬರೆಯಲು ಅದರಲ್ಲಿ ಜಾಗವಿದೆ. ಮಗುವಿಗೆ ಏನು ಬೇಕು ಎಂಬುದು ಸರ್ಕಾರದ ಕಡತದಲ್ಲೇ, ಸರ್ಕಾರದ ನಮೂನೆಯಲ್ಲೇ ದಾಖಲಾಗುತ್ತದೆ. ಆದರೆ ಹಣ ಮಂಜೂರಾಗುವಾಗ ಆ ಹಾಳೆಯನ್ನು ಯಾರೂ ತಿರುವಿ ನೋಡಬೇಕಾಗಿಲ್ಲ. ಓಡಾಡಿಕೊಂಡು ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿಗೂ 4,000. ಸೆರೆಬ್ರಲ್ ಪಾಲ್ಸಿಯಿಂದ ತಾನಾಗಿ ಕೂರಲಾಗದ, ತುತ್ತನ್ನು ಅರೆದು ತಿನ್ನಿಸಬೇಕಾದ ಅದೇ ವಯಸ್ಸಿನ ಇನ್ನೊಬ್ಬಳಿಗೂ 4,000. ರೇಷನ್ ಅಕ್ಕಿಯ ಹಾಗೆ ತಲೆಗಿಷ್ಟು ಎಂಬ ಲೆಕ್ಕ. ಕಾಯ್ದೆಯ 44ನೇ ಕಲಂ ಕೂಡ ರಾಜ್ಯ ಸರ್ಕಾರ ಮಾಸಿಕ ನೆರವು ಕೊಡಬೇಕು ಎನ್ನುವಾಗ ಮಕ್ಕಳ ಸಂಖ್ಯೆಯನ್ನು ಗಣನೆಗೆ ತೆಗೆದುಕೊಳ್ಳಲು ಹೇಳಿದೆಯೇ ಹೊರತು ಅವರ ಅಗತ್ಯದ ಮಾತೆತ್ತಿಲ್ಲ. ಹಾಗೆಂದು ಅಗತ್ಯ ನೋಡಿ ಹೆಚ್ಚು ಕೊಡಬಾರದು ಎಂದೂ ಎಲ್ಲಿಯೂ ಹೇಳಿಲ್ಲ. ಕುಟುಂಬಗಳ ಆಯ್ಕೆ ಮತ್ತು ಕಾರ್ಯವಿಧಾನದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಅದೇ ಕಲಂ ರಾಜ್ಯಕ್ಕೆ ಕೊಟ್ಟಿದೆ.

ಆ ಎರಡನೆಯ ಹುಡುಗಿಯ ಮನೆಯ ತಿಂಗಳ ಲೆಕ್ಕವನ್ನು ಹತ್ತಿರದಿಂದ ನೋಡಿ. ವಾರಕ್ಕೆ ಎರಡು ಬಾರಿ ಫಿಸಿಯೋಥೆರಪಿ ಎಂದರೆ ತಿಂಗಳಿಗೆ ಎಂಟು ದಿನ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರಕ್ಕೆ ಹೋಗಿಬರಬೇಕು. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೂ ಹುಡುಗಿಗೂ ಸರ್ಕಾರಿ ಬಸ್ಸಿನ ಚಾರ್ಜು ಉಳಿದಿದೆ, ಒಪ್ಪುತ್ತೇವೆ. ಆದರೆ ದಿನದ ಕೂಲಿ ಉಳಿಯುವುದಿಲ್ಲ. 2025–26ರ ನರೇಗಾ ದರ ಕರ್ನಾಟಕಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎಂಟು ದಿನಕ್ಕೆ 2,960 ರೂಪಾಯಿ ಹೋಯಿತು. ಉಳಿಯುವ 1,040 ರೂಪಾಯಿಯಲ್ಲಿ ಹುಡುಗಿಯ ಊಟ, ಬಟ್ಟೆ, ಡಯಾಪರ್, ಔಷಧಿ ಎಲ್ಲವೂ ಆಗಬೇಕು. ಪಾದ ತಿರುಚಿಕೊಳ್ಳದಂತೆ ಹಾಕುವ ಸ್ಪ್ಲಿಂಟ್ ಬೆಳೆಯುವ ಮಗುವಿಗೆ ಬೇಗ ಚಿಕ್ಕದಾಗುತ್ತದೆ. ಚಿಕ್ಕದಾದದ್ದನ್ನೇ ತೊಡಿಸಿದರೆ ಹಿಮ್ಮಡಿಯಲ್ಲಿ ಚರ್ಮ ಸುಲಿದು ಹುಣ್ಣಾಗುತ್ತದೆ, ತೊಡಿಸದಿದ್ದರೆ ಮೀನಖಂಡ ಬಿಗಿದು ಪಾದ ಕೆಳಕ್ಕೆ ಬಾಗುತ್ತದೆ. ಉಚಿತ ಸಾಧನ ಸಲಕರಣೆಯ ಶಿಬಿರ ನಡೆಯುವವರೆಗೆ ಕಾಯಿರಿ ಎಂಬ ಉತ್ತರ ಕೇಳಲು ಸುಲಭ. ಮಗುವಿನ ಸ್ನಾಯು ಶಿಬಿರದ ತಾರೀಖಿಗೆ ಕಾಯುವುದಿಲ್ಲ.

ಕಣ್ಣಿಗೆ ಕಾಣುವ ಅಂಗವೈಕಲ್ಯದ ಮಾತು ಇದಾಯಿತು. ಕಾಣದ ಗಾಯದ ಮಕ್ಕಳ ಆರೈಕೆ ಇದಕ್ಕಿಂತ ಕಡಿಮೆ ಶ್ರಮದ್ದೇನಲ್ಲ. ಹಸಿವಿನಲ್ಲಿ ಬೆಳೆದ ಮಗು ಹೊಸ ಮನೆಗೆ ಬಂದಾಗ ವಾಂತಿಯಾಗುವಷ್ಟು ಉಣ್ಣುತ್ತದೆ, ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ. ಇರುವೆ ಮುತ್ತಿದಾಗ ಮನೆಯವರು ಗದರಿದರೆ ಬಚ್ಚಿಡುವುದು ಇನ್ನಷ್ಟು ಗುಟ್ಟಾಗುತ್ತದೆ. ಮಗುವಿನ ಕೈಗೆಟಕುವಂತೆ ಒಂದು ಡಬ್ಬಿಯಲ್ಲಿ ಕಡಲೆ, ಬಿಸ್ಕತ್ತು, ಬಾಳೆಹಣ್ಣು ಸದಾ ಇಟ್ಟು, ಖಾಲಿಯಾದರೂ ಬೈಯದೆ ತುಂಬಿಸುತ್ತಾ ಹೋದರೆ ಈ ಅಭ್ಯಾಸ ಕ್ರಮೇಣ ಇಳಿಯುತ್ತದೆ. ಇದು ಯಾವ ತಾಯಿಗೂ ತಾನಾಗಿ ಹೊಳೆಯಬೇಕಾದ ಸಂಗತಿಯಲ್ಲ. ಕಲಿಸಬೇಕು, ನಡುನಡುವೆ ಮನೆಗೆ ಹೋಗಿ ವಿಚಾರಿಸಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಾದರೆ ರಾತ್ರಿಯ ಕಿರುಚಾಟ, ಹಾಸಿಗೆ ಒದ್ದೆ, ಸ್ನಾನದ ಮನೆಯ ಭಯ. ಪೋಕ್ಸೋ ಪ್ರಕರಣದಲ್ಲಿ ಸಾಕ್ಷಿ ಹೇಳಬೇಕಾದ ತಾರೀಖು ಹತ್ತಿರ ಬಂದಂತೆ ಇವೆಲ್ಲ ಮತ್ತೆ ಹೆಚ್ಚುತ್ತವೆ. ಆ ವಾರಗಳಲ್ಲಿ ಮನೆಯಲ್ಲಿ ಒಬ್ಬ ದೊಡ್ಡವರು ಕೆಲಸ ಬಿಟ್ಟು ಜೊತೆಗಿರಲೇಬೇಕು. ಇಂಥ ಗಾಯಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಸಿಗುವುದಿಲ್ಲ, ಶೇಕಡಾವಾರು ಪ್ರಮಾಣಪತ್ರವೂ ಸಿಗುವುದಿಲ್ಲ.

ಎಲ್ಲರಿಗೂ ಒಂದೇ ಮೊತ್ತ ಎಂದಾಗ ವ್ಯವಸ್ಥೆಯೊಳಗೆ ಏನಾಗುತ್ತದೆ ಎಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇವೆ. ಮೊದಲಿಗೆ, ಹೆಚ್ಚು ಆರೈಕೆ ಬೇಡದ ಮಕ್ಕಳಿಗೆ ಬೇಗ ಮನೆ ಸಿಗುತ್ತದೆ, ಹೆಚ್ಚು ಬೇಕಾದವರು ಸಂಸ್ಥೆಯಲ್ಲೇ ಉಳಿಯುತ್ತಾರೆ. ಕುಟುಂಬದ ತೋಳು ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳಿದಂತಾಯಿತು. ಎರಡನೆಯದು ಇನ್ನೂ ಕೆಟ್ಟದ್ದು. ಕುಟುಂಬ ಹಿಂಜರಿದೀತು ಎಂಬ ಅಂಜಿಕೆಯಿಂದ ಅಧ್ಯಯನ ವರದಿ ಮೆತ್ತಗಾಗುತ್ತದೆ. ಆರೋಗ್ಯದ ಅಂಕಣದಲ್ಲಿ 'ಸಾಮಾನ್ಯ' ಎಂಬ ಒಂದೇ ಪದ. ಮಗು ಮನೆಗೆ ಬಂದ ಮೇಲೆ ಮೊದಲ ಸಲ ಫಿಟ್ಸ್ ಕಂಡಾಗ ಮನೆಯವರಿಗೆ ಅದು ಮೊದಲ ಸಲವಲ್ಲ ಎಂಬುದೂ ಗೊತ್ತಿರುವುದಿಲ್ಲ. ಫಿಟ್ಸ್ ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷ ಮೀರಿಯೂ ನಿಲ್ಲದಿದ್ದರೆ ಮೂಗಿಗೆ ಸಿಂಪಡಿಸುವ ಮಿಡಜೋಲಾಂ ಔಷಧಿ ಮನೆಯಲ್ಲಿರಬೇಕು. ಇಷ್ಟನ್ನು ಮೊದಲೇ ಹೇಳಿಕೊಟ್ಟಿದ್ದರೆ ಆ ಕುಟುಂಬ ಹೆದರುತ್ತಿರಲಿಲ್ಲ. ಹೆದರಿದ ಕುಟುಂಬ ಮಗುವನ್ನು ವಾಪಸು ಕರೆತರುತ್ತದೆ. ಒಮ್ಮೆ ಮನೆ ಕಳೆದುಕೊಂಡ ಮಗು ಎರಡನೇ ಸಲ ಕಳೆದುಕೊಳ್ಳುತ್ತದೆ, ಮುಂದಿನ ಮನೆಯಲ್ಲಿ ಯಾರನ್ನೂ ನಂಬದಂತಾಗುತ್ತದೆ. ಇದರಲ್ಲಿ ಕುಟುಂಬದ ತಪ್ಪೆಷ್ಟು, ಅಳತೆಯಿಲ್ಲದ ವ್ಯವಸ್ಥೆಯ ತಪ್ಪೆಷ್ಟು ಎಂದು ಯೋಚಿಸಬೇಕು.

ಇನ್ನೊಂದು ಅಸಮಾನತೆ ನಮ್ಮನ್ನು ಬಹಳ ಕಾಡುತ್ತದೆ. ಮಿಷನ್ ವಾತ್ಸಲ್ಯ ಮಾರ್ಗಸೂಚಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ವಿಶೇಷ ಶಿಕ್ಷಕರು, ಥೆರಪಿಸ್ಟರು, ನರ್ಸುಗಳನ್ನು ಒದಗಿಸಲು ಅವಕಾಶ ಮಾಡಿಕೊಟ್ಟಿದೆ. ಅದೇ ಮಗು ಸಂಸ್ಥೆಯ ಗೇಟು ದಾಟಿ ಒಂದು ಮನೆಗೆ ಹೋದ ದಿನದಿಂದ ಅವರಲ್ಲಿ ಯಾರೂ ಜೊತೆಗೆ ಬರುವುದಿಲ್ಲ. ಸಂಸ್ಥೆ ಕಟ್ಟಕಡೆಯ ದಾರಿ ಎನ್ನುವ ಕಾಯ್ದೆಯ ಕೆಳಗೆ ನೆರವೆಲ್ಲ ಸಂಸ್ಥೆಯೊಳಗೇ ಉಳಿದರೆ ಮಗುವೂ ಅಲ್ಲಿಯೇ ಉಳಿಯುತ್ತದೆ.

ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ ಎಂಬುದಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯದ ಅನುಭವವನ್ನು ತಮ್ಮ ಮುಂದಿಡುತ್ತೇವೆ. ಅದರ ಗುಣದ ಜೊತೆ ದೋಷವನ್ನೂ. ಅಲ್ಲಿ ಬಹುಕಾಲ ಮಗುವಿನ ಅಗತ್ಯವನ್ನು ಬೇಸಿಕ್, ಮಾಡರೇಟ್, ಸ್ಪೆಷಲೈಸ್ಡ್, ಇಂಟೆನ್ಸ್ ಎಂಬ ಹಂತಗಳಲ್ಲಿ ಗುರುತಿಸುತ್ತಾ ಬಂದರು. ಕುಟುಂಬಕ್ಕೆ ಸಿಗುವ ದಿನದ ಮೊತ್ತ ಮೊದಲ ಹಂತದಲ್ಲಿ 27 ಡಾಲರಿನಷ್ಟಿದ್ದರೆ ಕೊನೆಯ ಹಂತದಲ್ಲಿ 92 ಡಾಲರ್ ದಾಟುತ್ತಿತ್ತು. ಇದರಲ್ಲಿ ನಾವು ಕಲಿಯಬೇಕಾದ ಮುಖ್ಯ ಅಂಶ ಮೊತ್ತವಲ್ಲ, ಹಂತವನ್ನು ಯಾರು ಮಂಜೂರು ಮಾಡುತ್ತಾರೆ ಎಂಬುದು. ಮೇಲಿನ ಹಂತಗಳನ್ನು ಮಗುವನ್ನು ಇರಿಸಿಕೊಂಡ ಏಜೆನ್ಸಿ ತಾನೇ ತೀರ್ಮಾನಿಸುವ ಹಾಗಿರಲಿಲ್ಲ. ಇಲಾಖೆಯ ಗುತ್ತಿಗೆ ಪಡೆದ ಮೂರನೆಯ ಸಂಸ್ಥೆಯೊಂದು ಮಾನಸಿಕ ಮೌಲ್ಯಮಾಪನ, ವೈದ್ಯಕೀಯ ದಾಖಲೆ, ಮಗುವಿನ ಈಚಿನ ನಡವಳಿಕೆಯ ವಿವರ ಇವನ್ನು ಓದಿ ಹಂತ ನಿಗದಿಪಡಿಸುತ್ತಿತ್ತು. ಹಣ ಪಡೆಯುವವರೇ ಹಂತ ನಿರ್ಧರಿಸಿದರೆ ಎಲ್ಲ ಮಕ್ಕಳೂ ಕಾಗದದ ಮೇಲೆ ಕಷ್ಟದ ಮಕ್ಕಳಾಗುತ್ತಾರೆ. ಹಣ ಕೊಡುವವರೇ ನಿರ್ಧರಿಸಿದರೆ ಎಲ್ಲರೂ ಸುಲಭದ ಮಕ್ಕಳಾಗುತ್ತಾರೆ.

ಇನ್ನೊಂದು ಅಂಶ ಅಳತೆಗೋಲಿನದು. ಅಲ್ಲಿ 3ರಿಂದ 17 ವರ್ಷದ ಮಗು ಸರ್ಕಾರದ ಆರೈಕೆಗೆ ಬಂದ 30 ದಿನದೊಳಗೆ 'ಕ್ಯಾನ್ಸ್' ಎಂಬ ಮೌಲ್ಯಮಾಪನ ಆಗಬೇಕು. ಮಗುವಿನ ಅಗತ್ಯಗಳನ್ನು ಒಂದೊಂದಾಗಿ ತೆಗೆದುಕೊಂಡು 0ಯಿಂದ 3ರವರೆಗೆ ಅಂಕ ಹಾಕುತ್ತಾರೆ. 0 ಎಂದರೆ ತೊಂದರೆಯ ಗುರುತಿಲ್ಲ, 1 ಎಂದರೆ ಕಣ್ಣಿಟ್ಟಿರಬೇಕು, 2 ಎಂದರೆ ಕ್ರಮ ಬೇಕು, 3 ಎಂದರೆ ತಡಮಾಡದೆ ಕ್ರಮ ಬೇಕು. ಮಗುವಿನ ಕೊರತೆಯನ್ನಷ್ಟೇ ಅಲ್ಲ, ಬಲವನ್ನೂ ಬರೆಯುತ್ತಾರೆ. ಈ ಅಂಕ ರೋಗದ ತೀವ್ರತೆಯನ್ನು ಹೇಳುವುದಿಲ್ಲ, ದೊಡ್ಡವರು ಈಗ ಏನು ಮಾಡಬೇಕು ಎಂಬುದನ್ನು ಹೇಳುತ್ತದೆ. ನಮ್ಮ ನಮೂನೆ 7ರ ಅಂಕಣಗಳ ಪಕ್ಕದಲ್ಲಿ ಇಂಥದೊಂದು ಅಂಕದ ಕಾಲಂ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ.

ದೋಷದ ಮಾತು. ಹಂತಕ್ಕೂ ಹಣಕ್ಕೂ ಗಂಟು ಹಾಕಿದಾಗ ಮಗು ಚೇತರಿಸಿಕೊಂಡರೆ ಹಂತ ಇಳಿಯುತ್ತದೆ, ಹಣವೂ ಇಳಿಯುತ್ತದೆ. ಒಳ್ಳೆಯ ಆರೈಕೆ ಕೊಟ್ಟ ಮನೆಗೆ ಅದೇ ಕಾರಣಕ್ಕೆ ನೆರವು ಕಡಿಮೆಯಾಗುತ್ತದೆ. ಮಗು ಶಾಂತವಾಗಿರುವುದು ಆ ಮನೆಯವರ ದಿನನಿತ್ಯದ ಶ್ರಮದಿಂದ. ಶ್ರಮ ನಿಂತರೆ ಹಳೆಯ ಕಷ್ಟ ಮರಳುತ್ತದೆ. ಟೆಕ್ಸಸ್ ಕೂಡ ಈಗ ಹಳೆಯ ಹಂತಗಳನ್ನು ಬಿಟ್ಟು ಮಗುವಿಗೆ ಬೇಕಾದ ಸೇವೆಗಳ ಪ್ಯಾಕೇಜುಗಳ ಕಡೆಗೆ ಹೊರಳುತ್ತಿದೆ. ಅವರು ಬಿಟ್ಟುಬರುತ್ತಿರುವ ದೋಷವನ್ನು ನಾವು ಆರಂಭದಲ್ಲೇ ತಪ್ಪಿಸಬಹುದು. ಇಂಗ್ಲೆಂಡಿನಲ್ಲಿ ಕನಿಷ್ಠ ಭತ್ಯೆಯೇ ಮಗುವಿನ ವಯಸ್ಸು ಮತ್ತು ಪ್ರದೇಶ ನೋಡಿ ಬದಲಾಗುತ್ತದೆ. ಹದಿನಾರರ ಹುಡುಗನ ಊಟ, ಬಟ್ಟೆಯ ಖರ್ಚು ಏಳರ ಹುಡುಗನದಕ್ಕಿಂತ ಹೆಚ್ಚು ಎಂಬ ಸರಳ ಸತ್ಯವನ್ನು ಅದು ಒಪ್ಪಿಕೊಂಡಿದೆ.

ಇನ್ನು ನಮ್ಮ ಪ್ರಸ್ತಾವ. ಆರೈಕೆಯನ್ನು ಸಾಮಾನ್ಯ, ಮಧ್ಯಮ, ವಿಶೇಷ, ತೀವ್ರ ಎಂದು ನಾಲ್ಕು ಮಟ್ಟ ಮಾಡಿ. ಯಾವ ಮಟ್ಟ ಎಂಬುದನ್ನು ಕಾಯಿಲೆಯ ಹೆಸರಿನಿಂದ ತೀರ್ಮಾನಿಸಬೇಡಿ, ದಿನದಲ್ಲಿ ದೊಡ್ಡವರೊಬ್ಬರ ಎಷ್ಟು ಹೊತ್ತು ಆ ಮಗುವಿಗೆ ಹೆಚ್ಚುವರಿಯಾಗಿ ಬೇಕು ಎಂಬುದರಿಂದ ತೀರ್ಮಾನಿಸಿ. ಅಪಸ್ಮಾರವಿರುವ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳಿ. ಒಬ್ಬನಿಗೆ ಬೆಳಗ್ಗೆ, ರಾತ್ರಿ ತಪ್ಪದೆ ಮಾತ್ರೆ ಕೊಟ್ಟರೆ ವರ್ಷದಿಂದ ಫಿಟ್ಸ್ ಬಂದಿಲ್ಲ, ಅವನದು ಮಧ್ಯಮ. ಇನ್ನೊಬ್ಬನಿಗೆ ಔಷಧಿಯ ನಡುವೆಯೂ ವಾರಕ್ಕೆರಡು ರಾತ್ರಿ ಬರುತ್ತದೆ, ಪಕ್ಕದಲ್ಲಿ ಯಾರಾದರೂ ಮಲಗಲೇಬೇಕು, ಅವನದು ವಿಶೇಷ. ಪ್ರಮಾಣಪತ್ರದಲ್ಲಿ ಇಬ್ಬರ ಕಾಯಿಲೆಯೂ ಒಂದೇ. ಕೊಳವೆಯ ಮೂಲಕ ಆಹಾರ ಕೊಡಬೇಕಾದ ಮಗು, ಪದೇ ಪದೇ ತನ್ನನ್ನು ತಾನೇ ಗಾಯ ಮಾಡಿಕೊಳ್ಳುವ ಮಗು, ರಾತ್ರಿ ಹಗಲು ಎಚ್ಚರದ ಕಣ್ಣು ಬೇಕಾದ ಮಗು ತೀವ್ರ ಮಟ್ಟಕ್ಕೆ ಬರಬೇಕು, ಅಂಥ ಮನೆಗೆ ತರಬೇತಾದ ಇನ್ನೊಬ್ಬ ವ್ಯಕ್ತಿಯ ನೆರವೂ ಬೇಕು.

ತೀರ್ಮಾನಕ್ಕೆ ಬೇಕಾದ ದಾಖಲೆಗಳ ಪಟ್ಟಿ ಉದ್ದವಾಗಬಾರದು. ನಮೂನೆ 7 ಮತ್ತು 31, ಇದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ವರದಿ, ಶಾಲೆಯ ಶಿಕ್ಷಕರ ಅರ್ಧ ಪುಟದ ಟಿಪ್ಪಣಿ, ಮತ್ತು ಇದು ಬಹಳ ಮುಖ್ಯ, ಪೋಷಕ ತಾಯಿ ಅಥವಾ ತಂದೆ ಎರಡು ವಾರ ಬರೆದಿಟ್ಟ ಆರೈಕೆ ದಿನಚರಿ. ರಾತ್ರಿ ಎಷ್ಟು ಸಲ ಎದ್ದರು, ಊಟ ಮಾಡಿಸಲು ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಬಟ್ಟೆ ಬದಲಿಸಿದರು, ಯಾವ ಹೊತ್ತಿನಲ್ಲಿ ಮಗು ಸಿಟ್ಟಿಗೆದ್ದು ಏನು ಮಾಡಿತು, ಎಷ್ಟು ಹೊತ್ತಿಗೆ ಸಮಾಧಾನವಾಯಿತು. ಬರೆಯಲು ಬಾರದ ಪೋಷಕರಾದರೆ ಅಂಗನವಾಡಿ ಕಾರ್ಯಕರ್ತೆಯೋ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೋ ಕೇಳಿ ಬರೆದುಕೊಳ್ಳಬಹುದು. ಯುಡಿಐಡಿ ಇಲ್ಲ ಎಂಬ ಕಾರಣಕ್ಕೆ ಅರ್ಜಿ ಪಕ್ಕಕ್ಕಿಡುವಂತಾಗಬಾರದು. ಪುನರ್ವಸತಿ ಕಾರ್ಯಕರ್ತರೂ ಮಕ್ಕಳ ರಕ್ಷಣೆಯೂ ತಮ್ಮ ಒಂದೇ ಸಚಿವಾಲಯದ ಕೆಳಗಿರುವುದರಿಂದ ಈ ಜೋಡಣೆಗೆ ತಮ್ಮ ಒಂದು ಸುತ್ತೋಲೆ ಸಾಕಾದೀತು.

ಯಾರು ಅಳೆಯಬೇಕು? ಮಗುವನ್ನು ಕುಟುಂಬಕ್ಕೆ ಸೇರಿಸಿದ ಅಧಿಕಾರಿಯೂ ಅಲ್ಲ, ಹಣ ಮಂಜೂರು ಮಾಡುವ ಸಮಿತಿಯೂ ಅಲ್ಲ. ಪ್ರತಿ ಜಿಲ್ಲೆಯಲ್ಲಿ ಮೂವರ ಸಣ್ಣ ತಂಡ ಸಾಕು: ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಮಕ್ಕಳ ತಜ್ಞರು ಅಥವಾ ಥೆರಪಿಸ್ಟ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರು, ಮತ್ತು ಆ ಪ್ರಕರಣಕ್ಕೆ ಸಂಬಂಧಿಸದ ಒಬ್ಬ ಸಮಾಜ ಕಾರ್ಯಕರ್ತರು. ಇವರಿಗೆ ಅಂಕ ಹಾಕುವ ತರಬೇತಿ ಕೊಡಲು, ಸಂಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ನಿಮ್ಹಾನ್ಸ್‌ನ 'ಸಂವಾದ' ಬೆಂಗಳೂರಿನಲ್ಲೇ ಇದೆ. ಮಾತು ಮತ್ತು ಶ್ರವಣದ ವಿಷಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ರಾಜ್ಯಗಳಿಗೆ ದೂರದಲ್ಲಿರುವ ಪರಿಣತಿ ನಮಗೆ ಮನೆ ಬಾಗಿಲಲ್ಲಿದೆ. ತಂಡದ ಶಿಫಾರಸನ್ನು ಮಕ್ಕಳ ಕಲ್ಯಾಣ ಸಮಿತಿ ನಮೂನೆ 32ರ ಆದೇಶದಲ್ಲೇ ನಮೂದಿಸಬೇಕು. ಆಗ ಅನುಮೋದನಾ ಸಮಿತಿ ಆ ಮಟ್ಟದ ಮೊತ್ತವನ್ನು ಮಂಜೂರು ಮಾಡುವುದಷ್ಟೇ ಉಳಿಯುತ್ತದೆ, ಮಟ್ಟವನ್ನು ಮತ್ತೆ ಚರ್ಚಿಸುವುದಲ್ಲ.

ಕಾಲಮಿತಿ ಇಲ್ಲದೆ ಇದಾವುದೂ ನಡೆಯದು. ಮಗು ಮನೆಗೆ ಬಂದ ಏಳು ದಿನದೊಳಗೆ ತಾತ್ಕಾಲಿಕ ಮಟ್ಟ, 30 ದಿನದೊಳಗೆ ಪೂರ್ಣ ಮೌಲ್ಯಮಾಪನ. ಮಧ್ಯಮ ಮಟ್ಟಕ್ಕೆ ಆರು ತಿಂಗಳಿಗೊಮ್ಮೆ, ಮೇಲಿನ ಎರಡಕ್ಕೆ ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ. ಮಗುವಿನ ಪರಿಸ್ಥಿತಿ ದಿಢೀರ್ ಬಿಗಡಾಯಿಸಿದರೆ 72 ಗಂಟೆಯೊಳಗೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ತಾತ್ಕಾಲಿಕವಾಗಿ ಮಟ್ಟ ಏರಿಸುವ ಅಧಿಕಾರ ಹೊಂದಿರಬೇಕು. ಮಟ್ಟ ಇಳಿಸಿದರೆ ಹಳೆಯ ಮೊತ್ತ ಇನ್ನೂ ಮೂರು ತಿಂಗಳು ಮುಂದುವರಿಯಬೇಕು, ಇಳಿಸಿದ ಕಾರಣ ಕನ್ನಡದಲ್ಲಿ ಲಿಖಿತವಾಗಿ ಕುಟುಂಬದ ಕೈಸೇರಬೇಕು, 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿರಬೇಕು. ಮೇಲ್ಮನವಿ ಬಾಕಿ ಇರುವಾಗ ಹಣ ಕಡಿತವಾಗಬಾರದು. ಮಟ್ಟದ ವಿವರ ಶಾಲೆಯ ದಾಖಲೆಗೆ ಹೋಗಲೇಬಾರದು. 'ತೀವ್ರ' ಎಂಬ ಪದ ಮಗುವಿನ ಬೆನ್ನಿಗೆ ಅಂಟಿಕೊಂಡರೆ ನಾವು ಮಾಡಿದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಮೊತ್ತದ ಬಗ್ಗೆ. ಈಗಿನ 4,000 ಸಾಮಾನ್ಯ ಮಟ್ಟಕ್ಕಿರಲಿ. ಮಧ್ಯಮಕ್ಕೆ ತಿಂಗಳಲ್ಲಿ ನಾಲ್ಕು ದಿನದ ಕೂಲಿ 1,480, ಔಷಧಿ ಓಡಾಟಕ್ಕೆ 1,000 ಸೇರಿಸಿದರೆ ಸುಮಾರು 6,500. ವಿಶೇಷಕ್ಕೆ ಹನ್ನೆರಡು ದಿನದ ಕೂಲಿ 4,440, ಸಾಮಗ್ರಿಗೆ 1,500 ಸೇರಿ ಸುಮಾರು 10,000. ತೀವ್ರ ಮಟ್ಟದಲ್ಲಿ ಒಬ್ಬರು ಪೂರ್ತಿ ಮನೆಯಲ್ಲೇ ಇರಬೇಕಾದ್ದರಿಂದ 26 ದಿನಕ್ಕೆ 9,620, ಸಾಮಗ್ರಿಗೆ 2,500 ಸೇರಿ ಸುಮಾರು 16,000. ಕುಟುಂಬಗಳಿಗೆ ಸಂಬಳ ಕೊಡಿ ಎಂದು ನಾವು ಕೇಳುತ್ತಿಲ್ಲ. ಮಗುವಿಗಾಗಿ ಅವರು ಕಳೆದುಕೊಳ್ಳುವ ಕೂಲಿಯನ್ನು ಸರ್ಕಾರ ತಾನೇ ನಿಗದಿಪಡಿಸಿದ ನರೇಗಾ ದರದಲ್ಲಿ ತುಂಬಿಕೊಡಿ ಎನ್ನುತ್ತಿದ್ದೇವೆ. ಉದಾಹರಣೆಗೆ ಒಂದು ಜಿಲ್ಲೆಯಲ್ಲಿ ಇಪ್ಪತ್ತು ಮಕ್ಕಳಿದ್ದು, ಹನ್ನೆರಡು ಮಂದಿ ಸಾಮಾನ್ಯ, ಐವರು ಮಧ್ಯಮ, ಇಬ್ಬರು ವಿಶೇಷ, ಒಬ್ಬರು ತೀವ್ರ ಮಟ್ಟದಲ್ಲಿದ್ದರೆ ತಿಂಗಳಿಗೆ 80,000ದ ಜಾಗದಲ್ಲಿ 1,16,500 ಬೇಕಾಗುತ್ತದೆ. ಹೆಚ್ಚುವರಿ 36,500 ರೂಪಾಯಿ. ರಾಜ್ಯದ ಬಜೆಟ್ಟಿಗೆ ಇದು ಭಾರವಲ್ಲ.

ಈ 4,000ಕ್ಕೆ ಕೇಂದ್ರ ಮತ್ತು ರಾಜ್ಯದ 60:40ರ ಪಾಲುದಾರಿಕೆ ಇದೆ, ಅದರ ಮೇಲೆ ಕೊಡಲು ದಾರಿಯಿಲ್ಲ ಎಂಬ ಉತ್ತರ ಬರಬಹುದು. ದಾರಿಯಿದೆ. ಕಾಯ್ದೆಯ 105ನೇ ಕಲಂ ರಾಜ್ಯ ಸರ್ಕಾರ ಬಾಲನ್ಯಾಯ ನಿಧಿ ಸ್ಥಾಪಿಸಬಹುದು ಎಂದಿದೆ. ಕೋವಿಡ್‌ನಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಇದೇ ರಾಜ್ಯ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಘೋಷಿಸಿ ತಿಂಗಳಿಗೆ 3,500 ರೂಪಾಯಿ ಕೊಟ್ಟಿತು. ಮನಸ್ಸು ಮಾಡಿದಾಗ ರಾಜ್ಯವೇ ಮುಂದಾಗಿ ಕೊಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಣದಷ್ಟೇ ಅವಶ್ಯವಾದದ್ದು ಬಿಡುವು. ವಿಶೇಷ ಮತ್ತು ತೀವ್ರ ಮಟ್ಟದ ಮಗುವಿರುವ ಮನೆಗೆ ತಿಂಗಳಿಗೆ ಎರಡು ದಿನವಾದರೂ, ಮಗುವಿಗೆ ಪರಿಚಯವಿರುವ ತರಬೇತಾದ ಇನ್ನೊಂದು ಕುಟುಂಬ ನೋಡಿಕೊಳ್ಳುವ ವ್ಯವಸ್ಥೆ ಬೇಕು. ಮನೆಯಲ್ಲಿ ಮದುವೆಯಿರಲಿ ಸಾವಿರಲಿ, ಹೋಗಲಾಗದೆ ವರ್ಷಗಟ್ಟಲೆ ಕಟ್ಟಿಹಾಕಿದಂತಾದ ಕುಟುಂಬ ಕೊನೆಗೆ ಸೋಲುತ್ತದೆ. ಅದು ಮಗುವಿನ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ. ಜೊತೆಗೆ ಚಿಕಿತ್ಸೆಯ ಒಪ್ಪಿಗೆಯ ತೊಡಕು: ಪೋಷಕ ಕುಟುಂಬದ ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿರುವುದಿಲ್ಲ, ಆಪರೇಷನ್ ಮುಂಚೆ ಸಹಿ ಹಾಕಲು ಅವರು ಕಾನೂನಿನ ಪ್ರಕಾರ ತಂದೆತಾಯಿಯೂ ಅಲ್ಲ. ತುರ್ತು ಚಿಕಿತ್ಸೆಗೆ ಯಾರು ಸಹಿ ಹಾಕಬೇಕು, ಯೋಜಿತ ಶಸ್ತ್ರಚಿಕಿತ್ಸೆಗೆ ಯಾರ ಅನುಮತಿ ಬೇಕು, ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಮಗುವಿಗೆ ಯಾವ ದಾಖಲೆ ಸಾಕು ಎಂಬ ಮೂರು ಸಾಲನ್ನು ಆರೈಕೆ ಮಟ್ಟದ ಆದೇಶದಲ್ಲೇ ಸೇರಿಸಿದರೆ ಆಸ್ಪತ್ರೆಯ ಕೌಂಟರಿನಲ್ಲಿ ಕಳೆಯುವ ಗಂಟೆಗಳು ಉಳಿಯುತ್ತವೆ.

ಮಾಸಿಕ ಪರಿಶೀಲನೆಯ ಬಗ್ಗೆ ಒಂದು ಮಾತು. ಮಕ್ಕಳ ಕಲ್ಯಾಣ ಸಮಿತಿ ಎಂದರೆ ಅಧ್ಯಕ್ಷರೂ ಸೇರಿ ಐವರು. ತಿಂಗಳಿಗೆ ಕನಿಷ್ಠ 20 ದಿನ ಅವರು ಸಭೆ ಸೇರಬೇಕು. ಇಡೀ ಜಿಲ್ಲೆಯ ಪ್ರಕರಣಗಳ ನಡುವೆ ಪ್ರತಿ ಮನೆಗೂ ಹೋಗಿ ಕೂತು ಮಾತಾಡಲು ಅವರಿಗೆ ಸಮಯ ಸಿಗುವುದು ಕಷ್ಟ, ಅದು ಅವರ ತಪ್ಪೂ ಅಲ್ಲ. ಆದ್ದರಿಂದ ನಮೂನೆ 35ರ ಜೊತೆ ಒಂದು ಪುಟದ ಆರೈಕೆ ಹಾಳೆ ಸೇರಿಸಿ, ಮಟ್ಟಕ್ಕೆ ತಕ್ಕಂತೆ ಭೇಟಿಯ ಆದ್ಯತೆ ನಿಗದಿಯಾಗಲಿ. ತೀವ್ರ ಮಟ್ಟದ ಮನೆಗೆ ಸಮಿತಿಯ ಸದಸ್ಯರೇ ಮೊದಲು ಹೋಗಲಿ. ಭೇಟಿ ಕೊಟ್ಟವರು ಮಗುವಿನ ಜೊತೆ ಒಂದಷ್ಟು ಹೊತ್ತು ಒಂಟಿಯಾಗಿ ಮಾತಾಡಲಿ, ಮನೆಯವರ ಎದುರು ಮಾತ್ರವಲ್ಲ.

ಕೇಂದ್ರ ಸರ್ಕಾರದ 2024ರ ಮಾದರಿ ಪೋಷಕತ್ವ ಮಾರ್ಗಸೂಚಿ ಒಂಟಿಯಾಗಿರುವವರಿಗೂ ಮಕ್ಕಳನ್ನು ಸಾಕುವ ಅವಕಾಶ ಕೊಟ್ಟಿದೆ, ಎರಡು ವರ್ಷ ಸಾಕಿದ ಮೇಲೆ ದತ್ತು ಪಡೆಯುವ ದಾರಿಯನ್ನೂ ತೆರೆದಿದೆ. ಹೆಚ್ಚು ಕುಟುಂಬಗಳು ಮುಂದೆ ಬರಲಿವೆ ಎಂದರೆ ಅವರನ್ನು ಸಿದ್ಧಪಡಿಸುವ ಕೆಲಸವೂ ಈಗಲೇ ಆಗಬೇಕು. ಒಂಟಿ ಮಹಿಳೆಯೊಬ್ಬರು ವಿಶೇಷ ಆರೈಕೆ ಬೇಕಾದ ಮಗುವನ್ನು ಒಪ್ಪಿಕೊಂಡರೆ, ದುಡಿಯುವವರೂ ಅವರೇ ನೋಡಿಕೊಳ್ಳುವವರೂ ಅವರೇ. ಒಂದೇ ದರದ 4,000 ರೂಪಾಯಿ ಅವರ ಪಾಲಿಗೆ ಇನ್ನಷ್ಟು ಬಿಗಿಯಾಗುತ್ತದೆ.

ಇಷ್ಟನ್ನೂ ಇಡೀ ರಾಜ್ಯದಲ್ಲಿ ಒಂದೇ ದಿನ ಜಾರಿಗೆ ತರಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಎರಡು ಜಿಲ್ಲೆಗಳಲ್ಲಿ, ಒಂದು ನಗರ ಪ್ರದೇಶದ್ದು ಮತ್ತೊಂದು ದೂರದ ತಾಲ್ಲೂಕುಗಳಿರುವುದು, ಒಂದು ವರ್ಷ ನಡೆಸಿ ನೋಡಿ. ಆದರೆ ಮೂರು ಕೆಲಸಗಳಿಗೆ ಪ್ರಯೋಗದ ಅಗತ್ಯವಿಲ್ಲ, ಅವುಗಳಿಗೆ ಈ ತಿಂಗಳೇ ಸುತ್ತೋಲೆ ಹೊರಡಿಸಬಹುದು: ಅಧ್ಯಯನ ವರದಿಯಲ್ಲಿ ಮಗುವಿನ ಆರೋಗ್ಯದ ಪೂರ್ಣ ಇತಿಹಾಸ ಬರೆದು ಕುಟುಂಬಕ್ಕೆ ಪ್ರತಿ ಕೊಡುವುದು ಕಡ್ಡಾಯ, ಪೋಷಕತ್ವದಲ್ಲಿರುವ ಮಗುವಿಗೆ ಸಂಸ್ಥೆಯ ಮಗುವಿಗೆ ಸಿಗುವ ಥೆರಪಿ ಸೇವೆಯಲ್ಲೇ ಪಾಲು, ತುರ್ತು ಚಿಕಿತ್ಸೆಗೆ ಸಹಿಯ ಅಧಿಕಾರ ಯಾರದೆಂದು ಪ್ರತಿ ನಮೂನೆ 32ರ ಆದೇಶದಲ್ಲಿ ಸ್ಪಷ್ಟ ಸಾಲು.

ಮುಂದಿನ ಆರ್ಥಿಕ ವರ್ಷದ ಮಿಷನ್ ವಾತ್ಸಲ್ಯ ಪ್ರಸ್ತಾವನೆ ಕೇಂದ್ರದ ಯೋಜನಾ ಅನುಮೋದನಾ ಮಂಡಳಿಗೆ ಹೋಗುವ ಮುನ್ನ ಈ ವಿಷಯದ ಮೇಲೆ ತಾವು ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇವೆ. ಸಭೆಗೆ ಪೋಷಕ ತಾಯಂದಿರನ್ನೂ ಕರೆಯಿರಿ, ಅವರು ಬರುವ ದಿನದ ಕೂಲಿ ಕೊಟ್ಟು ಕರೆಯಿರಿ. ಅಂಕದ ಕಾಲಂ ಸೇರಿಸಿದ ನಮೂನೆ 7ರ ಕರಡು, ಆರೈಕೆ ದಿನಚರಿಯ ಮಾದರಿ ಹಾಳೆ ಮತ್ತು ನಾಲ್ಕು ಮಟ್ಟಗಳ ವಿವರಣೆಯನ್ನು ನಾವು ಸಿದ್ಧಪಡಿಸಿದ್ದೇವೆ. ಕರೆದ ದಿನ ತಂದು ಒಪ್ಪಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕರ್ನಾಟಕದ ಪೋಷಕ ಕುಟುಂಬಗಳು ಮತ್ತು ಅವರೊಂದಿಗೆ ಕೆಲಸ ಮಾಡುವ ಮಕ್ಕಳ ರಕ್ಷಣಾ ಕಾರ್ಯಕರ್ತರು